ಸರಿಸಿದ ಏಕಾದಶಿ

ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನ ಅವಳಿಗೆ ಹುಟ್ಟಿದ್ದು ಆಸ್ಪತ್ರೆಯ ಲ್ಯಾಬಿನಲ್ಲಿ ಅಂದಿನ ಏಳನೆಯ ತೋಳಿಗೆ ರಬ್ಬರು ಪಟ್ಟಿ ಬಿಗಿಯುತ್ತಿದ್ದಾಗ. ತೋಳು ಒಬ್ಬ ದರ್ಜಿಯದು. ದಿನವಿಡೀ ಸೂಜಿಯ ಜೊತೆಗೇ ಬದುಕುವ ಮನುಷ್ಯ, ಮುಷ್ಟಿ ಬಿಗಿಹಿಡಿಯಿರಿ ಅಂದದ್ದಕ್ಕೆ ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡು ಬೆವರುತ್ತ ಕೂತಿದ್ದ. ರಕ್ತನಾಳ ಚೆನ್ನಾಗಿಯೇ ಎದ್ದು ಕಾಣುತ್ತಿತ್ತು. ಸೂಜಿ ಒಳಗೆ ಹೋಯಿತು, ನೇರಳೆ ಮುಚ್ಚಳದ ಕೊಳವೆ ತುಂಬಿತು, ಆಮೇಲೆ ಬೂದು ಮುಚ್ಚಳದ್ದು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಅವಳು ಮಾತ್ರ ಬೆಳಗಿನ ಐದೂವರೆಯ ಅಡುಗೆಮನೆಗೆ ವಾಪಸು ಹೋಗಿ ಹುಡುಕುತ್ತಿದ್ದಳು. ಬೇಳೆ ಬೆಂದದ್ದು ನೆನಪಿದೆ. ಹುಳಿ ಹಿಂಡಿದ್ದು ನೆನಪಿದೆ. ಒಗ್ಗರಣೆ ಸಿಡಿದದ್ದಕ್ಕೆ ಮಣಿಕಟ್ಟಿನ ಮೇಲೆ ಕೆಂಪು ಗುರುತೇ ಇದೆ. ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದದ್ದು ಮಾತ್ರ ಎಷ್ಟು ಕೆದಕಿದರೂ ನೆನಪಿಗೆ ಬರಲಿಲ್ಲ. ಹಾಕಿಲ್ಲವೆಂದೇ ಇಟ್ಟುಕೊಳ್ಳೋಣ. ಅತ್ತೆ ಸಪ್ಪೆ ಸಾರನ್ನು ಅನ್ನಕ್ಕೆ ಕಲಸಿಕೊಂಡು, ಕಣ್ಣು ಕಾಣದಿದ್ದರೂ ತಟ್ಟೆ ನೋಡುವವರ ಹಾಗೆ ತಲೆ ತಗ್ಗಿಸಿ, ಪೂರ್ತಿ ಉಂಡು ಎದ್ದುಬಿಡುತ್ತಾರೆ. ಸಂಜೆ ಕೇಳಿದರೆ ಚೆನ್ನಾಗಿತ್ತಮ್ಮ ಅನ್ನುತ್ತಾರೆ. ಏನಾದರೂ ಅನ್ನುವ ಅತ್ತೆಯಾಗಿದ್ದರೆ ಎಷ್ಟೋ ವಾಸಿಯಿತ್ತು.

"ಕೊನೇ ಸಲ ಊಟ ಮಾಡಿದ್ದು ಯಾವಾಗ?" ಎಂದು ಎಂಟನೆಯ ತೋಳನ್ನು ಕೇಳಿದಳು. ಈ ಪ್ರಶ್ನೆಯನ್ನು ಹನ್ನೊಂದು ವರ್ಷಗಳಿಂದ ದಿನಕ್ಕೆ ನಲವತ್ತು ಸಲ ಕೇಳುತ್ತಿದ್ದಾಳೆ. ಉಪವಾಸದ ಸಕ್ಕರೆ ನೋಡಬೇಕಾದರೆ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು. ಎಲ್ಲರೂ ಖಾಲಿ ಎಂದೇ ಹೇಳುತ್ತಾರೆ. ಮೀಸೆಯ ತುದಿಯಲ್ಲಿ ಬಿಸ್ಕತ್ತಿನ ಪುಡಿ ಇಟ್ಟುಕೊಂಡು ಹೇಳುತ್ತಾರೆ. ಬಾಯಿಯಿಂದ ಕಾಫಿಯ ವಾಸನೆ ಬರುತ್ತಿರುವಾಗ ಹೇಳುತ್ತಾರೆ. ಒಬ್ಬ ಮೇಷ್ಟ್ರಂತೂ ಒಂದೇ ಒಂದು ಇಡೀ ಮಾವಿನಹಣ್ಣು, ಅದೇನು ಊಟವೇ, ಎಂದು ವಾದಕ್ಕೇ ಇಳಿದಿದ್ದರು. ಸುಳ್ಳು ಹೇಳುವವರು ಉತ್ತರವನ್ನು ಸ್ವಲ್ಪ ಬೇಗ ಕೊಡುತ್ತಾರೆ ಎಂಬುದು ಅವಳ ಅನುಭವ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಲ್ಲಿ ಸಿದ್ಧವಾಗಿರುತ್ತದೆ, ನಿಜ ಹೇಳುವವರಾದರೆ ಒಂದು ಕ್ಷಣ ನೆನಪು ಮಾಡಿಕೊಳ್ಳುತ್ತಾರೆ. ಮೊನ್ನೆ ಬೆಳಿಗ್ಗೆ ಅತ್ತೆ ಹಾಸಿಗೆಯಿಂದ ಕೇಳಿದಾಗ ತಾನು ಕೊಟ್ಟ ಉತ್ತರವೂ ಹೀಗೇ ಬೇಗ ಬಂದಿತ್ತಲ್ಲ ಎಂದು ಅನ್ನಿಸಿ, ಹತ್ತಿಯನ್ನು ಗಾಯದ ಮೇಲೆ ಸ್ವಲ್ಪ ಜೋರಾಗಿಯೇ ಒತ್ತಿದಳು. ತೋಳಿನವರು ಹಾಂ ಎಂದರು.

ಒಂಬತ್ತನೆಯವರು ಹಸಿರು ಶಾಲಿನ ಅಜ್ಜಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಆಸ್ಪತ್ರೆಯಲ್ಲಿ ಬೇಡ ಅಂದರೂ ಕೇಳದೆ, ಬರಿಗಾಲಲ್ಲಿ ಬಂದು ಕುರ್ಚಿಯಲ್ಲಿ ಕೂತು ತೋಳನ್ನು ತಾವಾಗಿ ಹಲಗೆಯ ಮೇಲೆ ಚಾಚಿದರು. ಅವಳು ಕೇಳುವ ಮೊದಲೇ ಹೇಳಿದರು.

"ನನ್ನ ಕೇಳೋದೇ ಬೇಡ ಬಿಡು. ಇವತ್ತು ಏಕಾದಶಿ. ಹೇಗೂ ಉಪವಾಸ ಇದ್ದೇ ಇರ್ತೀನಿ, ಅದಕ್ಕೆ ಡಾಕ್ಟರು ಬರೆದುಕೊಟ್ಟು ವಾರ ಆದ್ರೂ ಇವತ್ತಿಗೇ ಕಾದು ಬಂದೆ. ದೇವರಿಗೂ ಆಯ್ತು, ನಿಮಗೂ ಆಯ್ತು."

ಹೊರಗೆ ಬೆಂಚಿನ ಮೇಲೆ ಇನ್ನೂ ನಾಲ್ವರು ಅಜ್ಜಿಯರು ಇದೇ ಲೆಕ್ಕಾಚಾರದಲ್ಲಿ ಕೂತಿದ್ದರು. ಹದಿನೈದು ದಿನಕ್ಕೊಮ್ಮೆ ಹೀಗಾಗುತ್ತದೆ. ಇದನ್ನು ಮೊದಲು ಗಮನಿಸಿದ್ದು ಅವಳೇ. ಊಟದ ಹೊತ್ತಿನಲ್ಲಿ ಎಲ್ಲರನ್ನೂ ನಗಿಸಿದ್ದಳು ಕೂಡ. ಈಗ ನಗು ಬರಲಿಲ್ಲ. ಇವತ್ತು ಏಕಾದಶಿ ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅಡುಗೆಮನೆಯ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರಿನಲ್ಲಿ ಅವಳೇ ದಿನಾ ನೋಡುತ್ತಾಳೆ. ನೋಡಿಯೇ ಇವತ್ತು ಬೆಳಿಗ್ಗೆ ಅತ್ತೆಗೆ ತ್ರಯೋದಶಿ ಎಂದು ಹೇಳಿ, ಅನ್ನ ಸಾರು ಮಾಡಿ, ಮುಚ್ಚಿಟ್ಟು ಬಂದಿದ್ದಾಳೆ.

"ಏಕಾದಶಿ ಅಂದ್ರೆ ನಮ್ಮಕ್ಕಂದು ನೆನಪಾಗುತ್ತೆ ನೋಡು," ಅಜ್ಜಿ ಸೂಜಿಯ ಕಡೆ ನೋಡದೆ ಗೋಡೆಯೊಂದಿಗೆ ಮಾತಾಡುತ್ತಿದ್ದರು. "ಕೊನೇ ಕಾಲದಲ್ಲಿ ಮರೆವು. ಮಗ, ಅಮ್ಮ ಹಸಿದಿರಬಾರದು ಅಂತ, ಏಕಾದಶಿ ದಿನ, ಇವತ್ತು ಏಕಾದಶಿ ಅಲ್ಲ ಅಂತ ಹೇಳಿ ಅನ್ನ ತಿನ್ನಿಸ್ತಿದ್ದ. ಒಂದು ದಿನ ಗೊತ್ತಾಗಿ ಹೋಯ್ತು. ಮೂರು ದಿನ ಅತ್ತಳು. ತಿಳಿದು ತಿಂದಿದ್ರೆ ಪಾಪ ನಂದು ಅಂತ ಸುಮ್ಮನಿರ್ತಿದ್ದೆ, ತಿಳೀದೆ ತಿಂದಿದ್ದನ್ನ ಎಲ್ಲಿಟ್ಕೊಳ್ಳಲಿ ಅಂತ. ಆಯ್ತಾ? ತೆಗೆದ್ಯಾ? ನಿನ್ನ ಕೈ ಹಗುರ ಕಣಮ್ಮ, ಗೊತ್ತೇ ಆಗಲಿಲ್ಲ."

ಆ ಮಗ ಕನಿಷ್ಠ ಪಕ್ಷ ಅಮ್ಮ ಹಸಿದಿರಬಾರದೆಂದು ಸುಳ್ಳು ಹೇಳಿದ್ದ. ತನ್ನದು ಅದೂ ಅಲ್ಲ. ಅವಳು ಕೊಳವೆಗೆ ಚೀಟಿ ಅಂಟಿಸಿದಳು, ಅಂಟಿಸಿದ್ದು ಓರೆಯಾಯಿತೆಂದು ಕಿತ್ತು ಮತ್ತೆ ಅಂಟಿಸಿದಳು. ಅತ್ತೆಯ ಕಣ್ಣು ಪೂರ್ತಿ ಹೋಗಿ ಈ ಬೇಸಿಗೆಗೆ ಒಂದು ವರ್ಷ. ಅದಕ್ಕೆ ಮೊದಲು ಆ ಮನೆಯಲ್ಲಿ ತಿಥಿಗಳೆಲ್ಲ ಅವರ ಕೈಯಲ್ಲಿದ್ದವು. ಹುಣ್ಣಿಮೆ ಯಾವಾಗ, ಅಮಾವಾಸ್ಯೆ ಯಾವಾಗ, ದ್ವಾದಶಿಯ ಪಾರಣೆ ಎಷ್ಟು ಗಂಟೆಯೊಳಗೆ, ಎಲ್ಲ ಅವರು ಹೇಳಿದ ಹಾಗೆ. ಏಕಾದಶಿಯ ದಿನ ಮಧ್ಯಾಹ್ನ ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಅಷ್ಟೇ. ಇದು ಮದುವೆಯಾದ ವರ್ಷದಿಂದ ಐವತ್ತೆರಡು ವರ್ಷ ತಪ್ಪದೆ ನಡೆದುಬಂದದ್ದು. ಸೊಸೆಗೆ ಮಾಡು ಎಂದು ಒಂದು ದಿನವೂ ಹೇಳಿದವರಲ್ಲ. ಕಣ್ಣು ಹೋದ ಮೇಲೆ ಕ್ಯಾಲೆಂಡರು ಸೊಸೆಯ ಪಾಲಿಗೆ ಬಂತು. ದಿನಾ ಬೆಳಿಗ್ಗೆ ಐದಕ್ಕೆ ಅವಳ ಹೆಜ್ಜೆಯ ಸದ್ದಾದ ಕೂಡಲೇ ಒಳಕೋಣೆಯಿಂದ ಪ್ರಶ್ನೆ ಬರುತ್ತಿತ್ತು: "ಇವತ್ತು ಯಾವ ತಿಥಿನಮ್ಮಾ?" ಅವಳು ದೀಪ ಹಾಕಿ, ಬಾಗಿಲ ಹಿಂದೆ ಬಗ್ಗಿ ನೋಡಿ ಹೇಳುತ್ತಿದ್ದಳು. ಅತ್ತೆ ಹೂಂ ಎಂದು ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಆಡಿಸುತ್ತಿದ್ದರು. ಜಪವಿರಬೇಕೆಂದು ಅವಳು ತಿಳಿದಿದ್ದಳು.

ಮೊದಲನೆಯ ಸಲ ಅದು ಸುಳ್ಳೂ ಆಗಿರಲಿಲ್ಲ, ಬಾಯಿಂದ ಜಾರಿದ್ದು. ಹಿಂದಿನ ದಿನ ಕಾರ್ಖಾನೆಯೊಂದರಲ್ಲಿ ಮುನ್ನೂರು ಜನರ ರಕ್ತ ತೆಗೆದು ಬಂದು, ಸೊಂಟ ಹಿಡಿದುಕೊಂಡು ಬಿದ್ದಿದ್ದಳು. ಎದ್ದಾಗ ಐದೂ ಮುಕ್ಕಾಲು. ಅತ್ತೆ ಹಿಂದಿನ ದಿನದ್ದು ತಿನ್ನುವುದಿಲ್ಲ, ಹೊರಗಿನದು ತಿನ್ನುವುದಿಲ್ಲ. ಸ್ನಾನ ಮಾಡಿ ಒಲೆ ಹಚ್ಚಿ ಹೊಸದಾಗಿ ಬೇಯಿಸಿಟ್ಟು ಹೋಗಬೇಕು, ಆರೂಮುಕ್ಕಾಲಿಗೆ ಬಸ್ಸು. ಗಂಡ ಊರೂರು ತಿರುಗಿ ಜನರೇಟರು ರಿಪೇರಿ ಮಾಡುವವನು, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಇವತ್ತು ಯಾವ ತಿಥಿನಮ್ಮಾ ಎಂಬ ದನಿ ಬಂದಾಗ, ಹಲ್ಲುಜ್ಜುತ್ತಿದ್ದವಳು, ಕ್ಯಾಲೆಂಡರಿನ ಕಡೆ ತಿರುಗದೆ ಏಕಾದಶಿ ಎಂದುಬಿಟ್ಟಳು. ಅಂದು ನವಮಿ. ಒಳಗೆ ಹೊದಿಕೆ ಸರಿದ ಸದ್ದಾಯಿತು. ಆಮೇಲೆ, "ಹೌದಾ? ಹಾಗಾದ್ರೆ ಒಲೆ ಹಚ್ಚಬೇಡ. ಹೋಗಿ ಇನ್ನೊಂದು ಅರ್ಧ ಗಂಟೆ ಮಲಕ್ಕೋ." ಅವಳು ನಿಜವಾಗಿ ಹೋಗಿ ಮಲಗಿದಳು. ಆ ಅರ್ಧ ಗಂಟೆಯ ನಿದ್ದೆಯ ರುಚಿ ಇನ್ನೂ ಮೈಯಲ್ಲಿದೆ, ಅದನ್ನು ನೆನೆದರೆ ಇವತ್ತಿಗೂ ಮೊದಲು ಬರುವುದು ಸುಖವೇ, ನಾಚಿಕೆ ಅದರ ಹಿಂದೆ ಬರುತ್ತದೆ.

ಆಮೇಲಿನವು ಬಾಯಿಂದ ಜಾರಿದವಲ್ಲ. ನಾಲ್ಕು ತಿಂಗಳಲ್ಲಿ ಆರು ಸಲ, ತನಗೆ ಅನುಕೂಲವಾದ ದಿನಕ್ಕೆ ಏಕಾದಶಿಯನ್ನು ಎರಡು ದಿನ ಆಚೆಗೋ ಈಚೆಗೋ ಸರಿಸಿದ್ದಳು. ಮೇಜು ಸರಿಸಿದ ಹಾಗೆ. ನಿಜವಾದ ಏಕಾದಶಿಯ ದಿನ ಬೇರೆ ತಿಥಿ ಹೇಳಿ ಅಡುಗೆ ಮಾಡಿಟ್ಟಿದ್ದಳು. ಮುಂದೆ ಹುಣ್ಣಿಮೆಯ ಹೊತ್ತಿಗೆ ಲೆಕ್ಕ ಕೂಡಿಬರಬೇಕಲ್ಲ, ಅದಕ್ಕೆ ಈ ಸಲ ಚತುರ್ದಶಿ ಎರಡು ದಿನ ಬಂದಿದೆ ಅತ್ತೆ, ಅನ್ನುತ್ತಿದ್ದಳು. ತಿಥಿ ಕೆಲವು ಸಲ ಎರಡು ದಿನ ಬರುವುದುಂಟು, ಒಮ್ಮೊಮ್ಮೆ ಒಂದು ಬಿಟ್ಟೇ ಹೋಗುವುದೂ ಉಂಟು. ಇದನ್ನು ಅವಳಿಗೆ ಹೇಳಿಕೊಟ್ಟವರೇ ಅತ್ತೆ. "ಓಹೋ, ಹಾಗೂ ಇರುತ್ತೆ," ಎಂದು ಒಪ್ಪುತ್ತಿದ್ದರು. ಉಪವಾಸ ಉಪವಾಸವೇ, ನವಮಿಯಂದು ಮಾಡಿದರೆ ಹೊಟ್ಟೆ ಕಡಿಮೆ ಹಸಿಯುತ್ತದೆಯೇ, ದೇವರೇನು ಹಾಜರಿ ಪುಸ್ತಕ ಇಟ್ಟುಕೊಂಡು ಕೂತಿದ್ದಾನೆಯೇ ಎಂದು ಬಸ್ಸಿನಲ್ಲಿ ತನ್ನೊಳಗೇ ವಾದ ಮಾಡಿ ಗೆಲ್ಲುತ್ತಿದ್ದಳು. ಗೆದ್ದ ದಿನಗಳಲ್ಲಿ ಸಂಜೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅತ್ತೆ ಬೇಡ ಬೇಡ ಅನ್ನುತ್ತಲೇ ಕಾಲು ಚಾಚುತ್ತಿದ್ದರು.

ಹದಿನೈದು ದಿನದ ಹಿಂದೆ ಅತ್ತೆ ಬಚ್ಚಲಿನ ಬಾಗಿಲಲ್ಲಿ ತಲೆ ಸುತ್ತಿ ಕೂತುಬಿಟ್ಟರು. ಬಿದ್ದಿಲ್ಲ, ಕೂತೆ ಅಷ್ಟೆ ಎಂದು ನಗಲು ನೋಡಿದರು. ಎತ್ತುವಾಗ ಅವರ ತೋಳು ಅವಳ ಮುಷ್ಟಿಯಲ್ಲಿ ಪೂರ್ತಿ ಹಿಡಿಸಿತು. ಗಂಡ ಫೋನಿನಲ್ಲಿ, "ನೀನೇ ರಕ್ತ ತೆಗೆಯೋಳು, ಅಮ್ಮಂದೊಂದು ತೆಗೆದು ನೋಡಬಾರದೇನೇ?" ಎಂದ. "ನೋಡ್ತೀನ್ರೀ," ಎಂದಳು. ನಿನ್ನೆಯೂ ಕೇಳಿದ. ನಾಳೆ ಎಂದಳು. ಎರಡು ಕೊಳವೆ, ಒಂದು ಸೂಜಿ, ಹತ್ತಿ, ಎಲ್ಲ ಅವಳ ಚೀಲದಲ್ಲಿ ಹದಿನೈದು ದಿನದಿಂದ ಮನೆಗೂ ಲ್ಯಾಬಿಗೂ ಓಡಾಡುತ್ತಿವೆ. ರಕ್ತ ತೆಗೆದರೆ ಏನೋ ಒಂದು ಅಂಕಿ ಬರುತ್ತದೆ, ಆ ಅಂಕಿ ತನ್ನ ಕಡೆ ಬೆರಳು ತೋರಿಸುತ್ತದೆ ಎಂಬ ಭಯ. ಒಂದು ದಿನದ ಉಪವಾಸಕ್ಕೆ ಯಾರಿಗೂ ತಲೆ ಸುತ್ತುವುದಿಲ್ಲ ಎಂದು ಅವಳಿಗೆ ಗೊತ್ತು. ವಯಸ್ಸಾಗಿದೆ, ಬಿಸಿಲು ಬೇರೆ ಎಂದು ಹೇಳಿಕೊಂಡಿದ್ದಳು.

ತಿಳೀದೆ ತಿಂದಿದ್ದನ್ನ ಎಲ್ಲಿಟ್ಕೊಳ್ಳಲಿ. ಹದಿನೇಳನೆಯ ತೋಳಿಗೂ ಇಪ್ಪತ್ತನೆಯ ತೋಳಿಗೂ ನಡುವೆ ಎಲ್ಲೋ ಅವಳು ನಿರ್ಧಾರ ಮಾಡಿಬಿಟ್ಟಳು. ಅತ್ತೆ ಊಟಕ್ಕೆ ಕೂರುವುದು ಹನ್ನೆರಡೂವರೆಗೆ, ಪಕ್ಕದ ಬೀದಿಯ ಶಾಲೆಯ ಗಂಟೆ ಕೇಳಿಸಿದ ಮೇಲೆ. ಅಷ್ಟರೊಳಗೆ ಮನೆ ಸೇರಿದರೆ ಇವತ್ತಿನ ಒಂದು ಅಗುಳನ್ನಾದರೂ ತಪ್ಪಿಸಬಹುದು. ಹಿಂದಿನ ಆರು ಹೋದವು, ಅವು ಅತ್ತೆಯ ಹೊಟ್ಟೆ ಸೇರಿ ರಕ್ತವೂ ಆಗಿಹೋದವು. ಇದೊಂದು ಉಳಿದಿದೆ. ಕೈಗವಸು ಕಳಚಿ ಒಳಗೆ ಹೋದಳು. ಲ್ಯಾಬಿನ ಮುಖ್ಯಸ್ಥರಿಗೆ ಎಲ್ಲರೂ ಇಟ್ಟ ಹೆಸರು ದುರ್ಬೀನು. ಕಣ್ಣಿಗೆ ಬೀಳದ್ದನ್ನೆಲ್ಲ ನೋಡುತ್ತಾರೆಂದು. ಅವರು ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ.

"ಸರ್, ಅರ್ಧ ದಿನ ರಜ ಬೇಕಿತ್ತು. ಅತ್ತೆಗೆ ಹುಷಾರಿಲ್ಲ."

"ಬೆಳಿಗ್ಗೆ ಹುಷಾರಿದ್ರಾ?"

"ಇದ್ದರು ಸರ್. ಈಗ ಫೋನ್ ಬಂತು."

"ಫೋನು ಅಲ್ಲಿ ಕಪಾಟಿನ ಮೇಲೆ ಚಾರ್ಜಿಗೆ ಹಾಕಿದ್ದೀರಲ್ಲ ಮೇಡಂ. ಬೆಳಿಗ್ಗೆಯಿಂದ ಅಲ್ಲೇ ಇದೆ." ಅವರು ಗಾಜಿನ ಪಟ್ಟಿಯನ್ನು ಒಂದಿಷ್ಟು ಆಚೆ ಸರಿಸಿದರು. "ಹೋಗಿಬನ್ನಿ. ಹೋಗಬೇಕು ಅಂದ್ರೆ ಹೋಗಬೇಕು ಅನ್ನಿ, ಸಾಕು. ಅತ್ತೆಯವರನ್ನ ಯಾಕೆ ಮಲಗಿಸ್ತೀರಿ?"

ಪಕ್ಕದಲ್ಲಿ ಗಾಜಿನ ಪಟ್ಟಿಗೆ ಬಣ್ಣ ಹಾಕುತ್ತಿದ್ದವಳು ತುಟಿ ಕಚ್ಚಿ ನಗು ತಡೆದಳು. ಇವಳಿಗೆ ಕಿವಿಯವರೆಗೂ ಬಿಸಿಯಾಯಿತು. ಚೀಲ ತಗಲಿಸಿಕೊಂಡು ಹೊರಬಿದ್ದಾಗ ಹಸಿರು ಶಾಲಿನ ಅಜ್ಜಿ ಇನ್ನೂ ಬೆಂಚಿನ ಮೇಲೆ, ಪಕ್ಕದವರಿಗೆ ತಮ್ಮ ಅಕ್ಕನ ಕಥೆಯನ್ನೇ ಹೇಳುತ್ತಿದ್ದರು.

ಬಸ್ಸು ಹನ್ನೊಂದೂಮುಕ್ಕಾಲಿಗೆ ಬಂತು. ನಿಂತುಕೊಂಡೇ ಹೋಗಬೇಕಾಯಿತು. ಮುಂದೆ ರಸ್ತೆ ಅಗೆದಿದ್ದರಿಂದ ಬಸ್ಸು ಒಂದು ಹೆಜ್ಜೆ ಇಟ್ಟು ಎರಡು ಗಳಿಗೆ ನಿಲ್ಲುತ್ತಿತ್ತು. ಅತ್ತೆಗೆ ಏನು ಹೇಳುವುದು? ಕ್ಯಾಲೆಂಡರಿನ ಎರಡು ಹಾಳೆ ಅಂಟಿಕೊಂಡಿತ್ತು ಅತ್ತೆ, ಹೋದ ತಿಂಗಳದ್ದು ನೋಡಿಬಿಟ್ಟಿದ್ದೆ. ಇದು ನಿಲ್ಲುತ್ತದೆ. ಹೋದ ತಿಂಗಳ ಹಾಳೆಯನ್ನು ಹರಿದು ಅದರಲ್ಲೇ ಅಕ್ಕಿ ಆರಿಸಿದ್ದು ಅತ್ತೆಗೆ ಗೊತ್ತು, ನಿಲ್ಲುವುದಿಲ್ಲ. ಲ್ಯಾಬಿನಲ್ಲಿ ಯಾರೋ ಹೇಳಿದರು, ಈ ಸಲ ಎರಡು ಪಂಚಾಂಗದಲ್ಲಿ ಎರಡು ಥರ ಇದೆಯಂತೆ, ಯಾವುದಕ್ಕೂ ಇರಲಿ ಅಂತ ಓಡಿಬಂದೆ. ಇದು ಇನ್ನೂ ಚೆನ್ನಾಗಿದೆ, ಓಡಿಬಂದ ಪುಣ್ಯವೂ ಸೇರುತ್ತದೆ. ಪಾಪ ಒಪ್ಪಿಕೊಳ್ಳಲು ಹೊರಟವಳು ಹೊಸ ಸುಳ್ಳನ್ನು ಬಾಚಿ ಹೆಣೆದು ಸಿದ್ಧಮಾಡುತ್ತಿದ್ದೇನಲ್ಲ ಎಂದು ಹೊಳೆದಾಗ, ಕಂಬಿ ಹಿಡಿದಿದ್ದ ಕೈ ತನ್ನದಲ್ಲವೆನ್ನಿಸಿತು. ಮೊನ್ನೆ, ತಾನು ಏಕಾದಶಿ ಎಂದ ನವಮಿಯ ಸಂಜೆ, ಅತ್ತೆ ಮಧ್ಯಾಹ್ನ ಉಳಿಸಿಟ್ಟ ಬಾಳೆಹಣ್ಣಿನಲ್ಲಿ ಅರ್ಧ ಮುರಿದು, ನೀನೂ ದಣಿದು ಬಂದಿದ್ದೀಯ ತಗೋ ಎಂದು ಗಾಳಿಯಲ್ಲಿ ಕೈ ಚಾಚಿದ್ದರು. ಅವಳು ತೆಗೆದುಕೊಂಡು ತಿಂದಿದ್ದಳು. ಸಿಹಿಯಾಗಿತ್ತು. ಬಸ್ಸಿನ ಕಿಟಕಿಯಾಚೆ ಯಾರದೋ ಮನೆಯ ಮಹಡಿಯಲ್ಲಿ ಒಬ್ಬಳು ಹಾಸಿಗೆ ಬಡಿಯುತ್ತಿದ್ದಳು, ಬಸ್ಸು ಅಲ್ಲೇ ನಿಂತಿದ್ದರಿಂದ ಪೂರ್ತಿ ಬಡಿದು ಮುಗಿಸುವುದನ್ನು ಅವಳು ನೋಡಬೇಕಾಯಿತು. ಹನ್ನೆರಡೂಕಾಲಿಗೆ ಇಳಿದು ನಡೆಯತೊಡಗಿದಳು. ಆಮೇಲೆ ಓಡಿದಳು. ತಿರುವಿನಲ್ಲಿ ಶಾಲೆಯ ಗಂಟೆ ಬಾರಿಸಿತು.

ಮನೆ ಎರಡನೆಯ ಮಹಡಿ. ಕೆಳಗಿನ ಮೆಟ್ಟಿಲ ಮೇಲೆ ಬೀದಿ ಗುಡಿಸುವಾಕೆ ಪೊರಕೆಯನ್ನು ಗೋಡೆಗೆ ಒರಗಿಸಿ, ಕಾಲು ಚಾಚಿ ಕೂತು ಉಣ್ಣುತ್ತಿದ್ದಳು. ಮಧ್ಯಾಹ್ನ ಆ ನೆರಳಿನಲ್ಲಿ ಕೂರುವುದು ಅವಳ ರೂಢಿಯಂತೆ. ಹಗಲು ಮನೆಯಲ್ಲಿರದ ಇವಳು ನೋಡಿದ್ದು ಕಡಿಮೆ. ದಾರಿ ಬಿಡಲೆಂದು ಡಬ್ಬಿ ಎತ್ತಿಕೊಂಡವಳು ಇವಳ ಮುಖ ನೋಡಿ ಅಲ್ಲಿಯೇ ತಡೆದಳು.

"ನೀವೇನಮ್ಮಾ ಈ ಹೊತ್ತಿಗೆ? ಬಂದಿದ್ದು ಒಳ್ಳೇದಾಯ್ತು, ಒಂದು ಮಾತು ಕೇಳ್ತೀನಿ ಬೇಜಾರು ಮಾಡ್ಕೋಬೇಡಿ. ಇವತ್ತು ಸಾರಿಗೆ ಉಪ್ಪೇ ಹಾಕಿಲ್ವಲ್ಲ?"

ಅವಳು ಒಂದು ಮೆಟ್ಟಿಲು ಹತ್ತಿದ್ದಳು. ಹತ್ತಿದವಳು ಮತ್ತೆ ಇಳಿದಳು. ಡಬ್ಬಿ ತನ್ನದೇ, ಬೆಳಿಗ್ಗೆ ಸಾರು ಮುಚ್ಚಿಟ್ಟ ಡಬ್ಬಿ.

"ನಿನಗೆ ಹೇಗೆ ಗೊತ್ತು?"

"ತಿಂತಾ ಇರೋಳು ನಾನಲ್ವಾ?" ಗುಡಿಸುವಾಕೆ ನಕ್ಕಳು. ನಕ್ಕವಳಿಗೆ ಏನೋ ತಪ್ಪಿತೆಂದು ತಿಳಿದು ಬಾಯಿಗೆ ಕೈ ಅಡ್ಡ ಇಟ್ಟಳು. "ಅಯ್ಯೋ. ನಿಮಗೆ ಹೇಳಬೇಡ ಅಂದಿದ್ರು ಅಜ್ಜಮ್ಮ."

"ಏನು ಹೇಳಬೇಡ ಅಂದಿದ್ರು?"

"ನಾನು ಕದ್ದಿಲ್ಲಮ್ಮ, ಅವರೇ ಕೊಡೋದು. ದಿನಾ ಅಲ್ಲ, ಏಕಾದಶಿ ದಿನ ಮಾತ್ರ. ಮೇಲಿಂದ ಕೋಲು ತಟ್ಟಿ ಕರೀತಾರೆ. ನಮ್ಮ ಸೊಸೆ ಪಾಪ ಎದ್ದು ಮಾಡಿಟ್ಟು ಹೋಗಿದ್ದಾಳೆ, ಚೆಲ್ಲೋಕೆ ಮನಸ್ಸು ಬರಲ್ಲ, ನೀನು ಉಂಡುಬಿಡು ಅಂತಾರೆ. ಹಾಲಾದ್ರೂ ಕುಡೀರಿ ಅಜ್ಜಮ್ಮ ಅಂದೆ. ಹಾಲು ಕಮ್ಮಿಯಾದ್ರೆ ಅವಳಿಗೆ ಗೊತ್ತಾಗುತ್ತೆ, ನೀರು ಸಾಕು ಅಂದ್ರು. ಮೊನ್ನೇನೂ ಅವರು ಉಪವಾಸ ಇದ್ರಂತಲ್ಲ? ಅದೆಂಥ ಲೆಕ್ಕಾನೋ, ಮೂರು ದಿನದಲ್ಲಿ ಎರಡೆರಡು ಏಕಾದಶಿ. ನಾನು ಕೇಳಿದೆ. ಒಂದು ದೇವರದ್ದು, ಒಂದು ಮನೇದು ಅಂದ್ರು. ನನಗೆ ಅರ್ಥವಾಗಲಿಲ್ಲ, ದೊಡ್ಡವರ ವಿಷಯ ಅಂತ ಸುಮ್ಮನಾದೆ."

ಉಪ್ಪು ತರುತ್ತೇನೆ ಇರು ಎಂದು ಏನೋ ತೊದಲಿ ಅವಳು ಮೆಟ್ಟಿಲು ಹತ್ತಿದಳು. ಮೊದಲ ತಿರುವಿನಲ್ಲಿ ಕೂತುಬಿಡಬೇಕೆನ್ನಿಸಿತು. ಹಾಗಾದರೆ ಒಂದು ಅಗುಳೂ ಹೋಗಿಲ್ಲ. ಐವತ್ತೆರಡು ವರ್ಷದ್ದು ಹಾಗೇ ಇದೆ, ಸೊಸೆಯ ಸುಳ್ಳು ಅದನ್ನು ಮುಟ್ಟಿಯೂ ಇಲ್ಲ. ಸಮಾಧಾನವಾಗಬೇಕಿತ್ತು. ಆದರೆ ನವಮಿಗೆ ಒಂದು, ಏಕಾದಶಿಗೆ ಒಂದು, ನಡುವೆ ದಶಮಿಗೆ ಒಂದೇ ಹೊತ್ತು ಸರಿಯಾದ ಊಟ. ಎಪ್ಪತ್ತೆರಡು ವರ್ಷದ ಮೈ. ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿದ್ದು ಬಿಸಿಲಿಗಲ್ಲ. ಆ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ದಿನಾ ಒಂದೊಂದೇ ಗೆರೆ ದಾಟುತ್ತಿದ್ದದ್ದು ಜಪವೂ ಅಲ್ಲ. ಬೆರಳಿಗೆ ಮೂರು ಗೆರೆ, ಒಂದು ತುದಿ, ನಾಲ್ಕು ಬೆರಳಿಗೆ ಹದಿನಾರು, ಹುಣ್ಣಿಮೆಯಿಂದ ಅಮಾವಾಸ್ಯೆಗೆ ಒಂದು ಕೈ ಸಾಕು. ಇಷ್ಟು ಸುಲಭದ್ದು ತನಗೆ ಒಂದು ವರ್ಷದಲ್ಲಿ ಹೊಳೆದಿರಲಿಲ್ಲ. ಹಾಗಾದರೆ ಬೆಳಗಾಗೆದ್ದು ತಿಥಿ ಕೇಳುತ್ತಿದ್ದದ್ದು ಯಾತಕ್ಕೆ?

ಬಾಗಿಲು ತೆರೆದೇ ಇತ್ತು. ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು, ಬಾಗಿಲಿಗೆ ಬೆನ್ನು ಮಾಡಿ, ತೊಳೆದ ತಟ್ಟೆಯೊಂದನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಪಾತ್ರೆಯ ತಳದಿಂದ ನಾಲ್ಕು ಅಗುಳು ಹೆಕ್ಕಿ, ಬೆರಳಿನಿಂದ ತಡವಿ ನೋಡುತ್ತ, ತಟ್ಟೆಯ ಅಂಚಿಗೆ ಒಂದೊಂದಾಗಿ ಹಚ್ಚುತ್ತಿದ್ದರು. ಉಂಡ ತಟ್ಟೆಯ ಹಾಗೆ ಕಾಣಬೇಕಲ್ಲ. ಒಂದು ಅಗುಳು ಬೆರಳಿಗೇ ಅಂಟಿಕೊಂಡಿತು. ಅದನ್ನು ಬಾಯಿಯ ಹತ್ತಿರಕ್ಕೂ ಒಯ್ಯದಂತೆ ಎಚ್ಚರದಿಂದ ಕೈಯನ್ನು ದೂರ ಹಿಡಿದು ಒರೆಸಿದರು. ಸಂಜೆ ತಾನು ಬಂದು ಈ ತಟ್ಟೆಯನ್ನು ಎಷ್ಟೋ ಸಲ ಉಜ್ಜಿ ತೊಳೆದಿದ್ದಾಳೆ, ಉಂಡ ತಟ್ಟೆಗೆ ನೀರಾದರೂ ಹಾಕಬಾರದಾ ಎಂದು ಮನಸ್ಸಿನಲ್ಲೇ ಗೊಣಗಿದ್ದಾಳೆ. ಅವಳ ಚಪ್ಪಲಿಗೆ ಹೊಸ್ತಿಲು ತಗುಲಿತು.

"ಯಾರದು?"

"ನಾನೇ ಅತ್ತೆ."

ಅತ್ತೆಯ ಕೈ ತಟ್ಟೆಯ ಮೇಲೆ ನಿಂತಿತು. ಮುಖದಲ್ಲಿ ಬಂದ ಗಾಬರಿಯನ್ನು ಅವಳು ನೋಡಿದಳು. ಆ ಗಾಬರಿ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದೇ, ತನ್ನದೇ; ಅದು ಆ ಮುಖದ ಮೇಲೆ ಬರಬಾರದಿತ್ತು.

"ಇಷ್ಟು ಬೇಗ ಬಂದ್ಯಾ? ನಂದು ಈಗ ಊಟ ಆಯ್ತು ನೋಡು. ಸಾರು ಚೆನ್ನಾಗಿತ್ತಮ್ಮ. ಉಪ್ಪು ಹುಳಿ ಎಲ್ಲಾ ಹದವಾಗಿತ್ತು."

ಉತ್ತರ ಸ್ವಲ್ಪ ಬೇಗ ಬಂದಿತ್ತು. ಬಸ್ಸಿನಲ್ಲಿ ಹೆಣೆದದ್ದೆಲ್ಲ ಅವಳ ಗಂಟಲಲ್ಲಿ ಇತ್ತು, ಎರಡು ಪಂಚಾಂಗ, ಎರಡು ಥರ. ಅದರ ಬದಲು ಅವಳು ಚೀಲವನ್ನು ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು, ಅತ್ತೆಯ ಎದುರು ನೆಲದ ಮೇಲೆ ಕೂತು ರಬ್ಬರು ಪಟ್ಟಿ ತೆಗೆದಳು. ತನಗೆ ಬರುವ ಕೆಲಸ ಅದೊಂದೇ ಎನ್ನಿಸಿತು. "ರಕ್ತ ತೆಗೀಬೇಕು ಅತ್ತೆ. ನಿಮ್ಮ ಮಗ ಹೇಳಿ ಹದಿನೈದು ದಿನ ಆಯ್ತು. ನಾನೇ ತಡ ಮಾಡಿದೆ." ಅತ್ತೆ ತಟ್ಟೆಯನ್ನು ಪಕ್ಕಕ್ಕಿಟ್ಟು ತೋಳು ಚಾಚಿದರು. ಪಟ್ಟಿ ಒಂದು ಸುತ್ತಿಗೆ ನಿಲ್ಲಲಿಲ್ಲ, ಎರಡು ಸುತ್ತು ಬಂತು. ರಕ್ತನಾಳ ಸಿಗಲಿಲ್ಲ. ತಟ್ಟಿದಳು, ಉಜ್ಜಿದಳು, ಕತ್ತಲೆಯಲ್ಲೂ ಮೊದಲ ಸಲಕ್ಕೇ ಹಿಡಿಯುವವಳು ಎಂದು ವಾರ್ಡಿನಿಂದ ಕರೆಸುತ್ತಿದ್ದ ಕೈ ಎರಡು ಸಲ ಚುಚ್ಚಿ ಎರಡು ಸಲವೂ ತಪ್ಪಿತು. ನೀರಿಲ್ಲದ ನಾಳ ಸೂಜಿ ಕಂಡರೆ ಜಾರಿಹೋಗುತ್ತದೆ. ಅತ್ತೆ ಹಾಂ ಎಂದೂ ಅನ್ನಲಿಲ್ಲ. ಮೂರನೆಯ ಸಲಕ್ಕೆ ಸೂಜಿ ಹಿಡಿದಾಗ, ಅಭ್ಯಾಸಬಲದಿಂದಲೋ ಬೇಕೆಂದೋ ಅವಳಿಗೇ ತಿಳಿಯದು, ಬಾಯಿ ಕೇಳಿಬಿಟ್ಟಿತು.

"ಕೊನೇ ಸಲ ಊಟ ಮಾಡಿದ್ದು ಯಾವಾಗ?"

ಅತ್ತೆ ಒಂದು ಕ್ಷಣ ನೆನಪು ಮಾಡಿಕೊಂಡರು.

"ನಿನ್ನೆ ಮಧ್ಯಾಹ್ನ."

ರಕ್ತ ಬಂತು. ನಿಧಾನವಾಗಿ, ಗಟ್ಟಿಯಾಗಿ, ಕೊಳವೆಯ ಗಾಜಿಗೆ ಅಂಟಿಕೊಳ್ಳುತ್ತ ಬಂತು. ಒಂದು ತುಂಬಿತು, ಆಮೇಲೆ ಇನ್ನೊಂದು. ಅವಳು ಸೂಜಿ ತೆಗೆದು, ಹತ್ತಿ ಒತ್ತಿ, ಅತ್ತೆಯ ಮೊಣಕೈಯನ್ನು ಮಡಿಸಿ ಹಿಡಿದುಕೊಂಡಳು. ಬಿಡಲಿಲ್ಲ. "ಅತ್ತೆ, ನಾನು ಮೊನ್ನೆ," ಎಂದಳು. ಮುಂದಕ್ಕೆ ಹೋಗಲಿಲ್ಲ. ಅಳು ಬಂತು, ಅಳುವ ಹಕ್ಕು ತನಗಿಲ್ಲವೆಂದು ತಿಳಿದೂ ಬಂತು.

"ಗೊತ್ತು," ಅತ್ತೆ ಹೇಳಿದರು. "ನಿನ್ನ ಹೆಜ್ಜೆ ಎಳೀತಿತ್ತು. ಅಂಥ ದಿನಾನೇ ಏಕಾದಶಿ ಬರ್ತಿತ್ತು."

"ಗೊತ್ತಿದ್ದೂ ಯಾಕೆ ಎರಡೆರಡು ಸಲ?"

"ನೀನು ಹೇಳಿದ ದಿನ ಉಂಡ್ರೆ ನೀನು ಒಲೆ ಹಚ್ಚಬೇಕಲ್ಲ. ನಿಜವಾದ ದಿನ ಉಂಡ್ರೆ ನನ್ನದು ಕೆಡುತ್ತಲ್ಲ. ಇನ್ನೇನು ಮಾಡ್ಲಿ?" ಅವರ ದನಿಯಲ್ಲಿ ಕೋಪವಿರಲಿಲ್ಲ, ಆಮೇಲೆ ಬಂದ ಮಾತಿನಲ್ಲಿ ಇತ್ತು. "ಇವತ್ತು ನನ್ನ ಕೈಲಾಗಲ್ಲ ಅತ್ತೆ ಅಂತ ಒಂದು ಮಾತು. ಅಷ್ಟು ಅನ್ನಬಹುದಿತ್ತಲ್ಲಮ್ಮ ನೀನು. ಆ ಮಾತನ್ನ ಹೇಳೋಕಾಗದಂಥವಳಾ ನಾನು? ಹದಿಮೂರು ವರ್ಷ ಆಯ್ತು ನೀನು ಈ ಮನೆಗೆ ಬಂದು. ತಿಥಿ ನನಗೆ ಗೊತ್ತಿರುತ್ತೆ. ದಿನಾ ಕೇಳ್ತಿದ್ದದ್ದು ನಿನ್ನ ದನಿ ಹೇಗಿದೆ ಅಂತ ನೋಡೋಕೆ. ಬೆಳಿಗ್ಗೆ ಎದ್ದು ನಿನ್ನನ್ನ ಮಾತಾಡಿಸೋಕೆ ನನಗೆ ಇನ್ಯಾವ ನೆಪ ಇತ್ತು?"

ಕೆಳಗಿನಿಂದ ಗುಡಿಸುವಾಕೆ ಉಪ್ಪು ಅಮ್ಮಾ ಎಂದು ಕೂಗಿದಳು. ಅತ್ತೆಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ತಾವು ಹದವಾಗಿತ್ತು ಎಂದದ್ದು ನೆನಪಾಗಿ ಮುಖ ಆ ಕಡೆ ತಿರುಗಿಸಿದರು. ಕುರುಡು ಕಣ್ಣಿಗೂ ನಾಚಿಕೆ ಬರುವುದನ್ನು ಅವಳು ಅಂದು ನೋಡಿದಳು. ಎದ್ದು ಹೋಗಿ ಉಪ್ಪು ಕೊಟ್ಟು ಬಂದಳು. ಹಾಲು ಕಾಯಿಸಿ ತಂದಾಗ ಅತ್ತೆ ಕುಡಿದರು, ಬಾಳೆಹಣ್ಣನ್ನು ಅರ್ಧ ಮುರಿದರು, ಆದರೆ ಚಾಚಲಿಲ್ಲ. ಪೂರ್ತಿ ತಾವೇ ತಿಂದರು. ಅದು ಸರಿಯೇ ಎಂದು ಅವಳಿಗೆ ಅನ್ನಿಸಿತು, ಮತ್ತು ಆ ಅರ್ಧ ಹಣ್ಣಿಗಾಗಿ ಆಸೆಯಾಯಿತು. ಕೊಳವೆಗಳನ್ನು ಲ್ಯಾಬಿಗೆ ತಲುಪಿಸಿ ಬಂದ ಮೇಲೆ ಕಾಲಿಗೆ ಎಣ್ಣೆ ತರಲೇ ಎಂದು ಕೇಳಿದಳು. ಇವತ್ತು ಬೇಡಮ್ಮ ಎಂದರು. ಇದು ನಿಜವಾದ ಬೇಡವೇ ಆಗಿತ್ತು.

ಮರುದಿನ ದ್ವಾದಶಿ. ಪಾರಣೆಗೆ ಬೆಳಿಗ್ಗೆ ಏಳರೊಳಗೆ ಅನ್ನವಾಗಬೇಕು. ನಾಲ್ಕೂವರೆಗೇ ಎಚ್ಚರವಾಗಿ, ಕಣ್ಣುರಿಯುತ್ತ, ಕಾಲು ಹೆಜ್ಜೆ ಎಳೆಯದಂತೆ ಎತ್ತೆತ್ತಿ ಇಟ್ಟು ಅವಳು ಅಡುಗೆಮನೆಗೆ ಬಂದಳು. ದೀಪ ಹಾಕಿದಳು. ಕ್ಯಾಲೆಂಡರಿನ ಮುಂದೆ ಹೋಗಿ ನಿಂತಳು. ನೋಡಬೇಕಾದ್ದೇನೂ ಇರಲಿಲ್ಲ, ಆದರೂ ನೋಡಿ, ಉತ್ತರವನ್ನು ನಾಲಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡು ಒಳಕೋಣೆಯ ಕಡೆ ಕಿವಿಯಾದಳು. ಅತ್ತೆ ಮಗ್ಗುಲು ಬದಲಿಸಿದ ಸದ್ದು ಬಂತು. ಹೊದಿಕೆ ಸರಿಸಿದ ಸದ್ದು ಬಂತು. ಪ್ರಶ್ನೆ ಬರಲಿಲ್ಲ. ಅಕ್ಕಿ ತೊಳೆದಳು. ಒಲೆ ಹಚ್ಚಿದಳು. ಉಪ್ಪಿನ ಡಬ್ಬಿಯನ್ನು ಮರೆಯದಂತೆ ಕಣ್ಣೆದುರೇ ತಂದಿಟ್ಟುಕೊಂಡಳು. ಇನ್ನು ಕೇಳುವುದೇ ಇಲ್ಲವೇನೋ, ಈ ಮನೆಯಲ್ಲಿ ಇನ್ನು ಮೇಲೆ ಬೆಳಗಾಗುವುದು ಹೀಗೇ ಏನೋ ಎಂದುಕೊಳ್ಳುತ್ತಿರುವಾಗ ಒಳಗಿನಿಂದ ಅತ್ತೆ ಕೆಮ್ಮಿದರು.

"ಇವತ್ತು ನಿನ್ನ ಕೈಲಾಗುತ್ತೇನಮ್ಮಾ?"

ಹದಿಮೂರು ವರ್ಷಗಳಲ್ಲಿ ಅವಳನ್ನು ಯಾರೂ ಕೇಳದಿದ್ದ ಪ್ರಶ್ನೆ. ಸೊಂಟ ಹಿಡಿದಿತ್ತು. ನಿದ್ದೆ ಎರಡು ಗಂಟೆಯೂ ಆಗಿರಲಿಲ್ಲ.

"ಆಗುತ್ತೆ ಅತ್ತೆ," ಎಂದಳು. ಉತ್ತರ ಸ್ವಲ್ಪ ಬೇಗ ಬಂದಿತ್ತು. ಅದು ತನಗೆ ಕೇಳಿಸಿದ ಹಾಗೆ ಒಳಕೋಣೆಗೂ ಕೇಳಿಸಿರಬೇಕೆಂದು ಅವಳು ಸೌಟು ಹಿಡಿದು ನಿಂತೇ ಇದ್ದಳು.